ಬಲ್ಬ್ ಬದಲಾಯಿತು, ಚೋಕ್ ಉಳಿಯಿತು: ಹೊರಗಿನ ಲೈಟುಗಳ ಬಗ್ಗೆ ಓದುಗರ ಪ್ರಶ್ನೆಗಳು

ಮನೆಯಂಗಳ, ಗೋಡೌನು, ತೋಟದ ಮನೆಯ ಕಂಬ, ಕಾಂಪೌಂಡಿನ ಮೂಲೆ ಹೀಗೆ ರಾತ್ರಿಯಿಡೀ ಉರಿಯುವ ಹಳೆಯ ಲೈಟುಗಳನ್ನು ಎಲ್‌ಇಡಿಗೆ ಬದಲಿಸಿದವರ ಪತ್ರಗಳೇ ಈ ಬಾರಿ ಹೆಚ್ಚು. ಹಾಗಾಗಿ ಅವನ್ನೇ ಒಟ್ಟಿಗೆ ತೆಗೆದುಕೊಂಡಿದ್ದೇವೆ.

ಪ್ರಶ್ನೆ: ಅಡಿಕೆ ಅಂಗಳದ ಕಂಬದಲ್ಲಿ 150 ವ್ಯಾಟಿನ ಸೋಡಿಯಂ ಲೈಟು ಇತ್ತು. ಅದೇ ಹೋಲ್ಡರ್‌ಗೆ ಕೂರುವ 40 ವ್ಯಾಟಿನ ಎಲ್‌ಇಡಿ ಬಲ್ಬ್, ಜೋಳದ ತೆನೆಯ ಹಾಗೆ ಸುತ್ತಲೂ ಚಿಪ್ ಇರುವಂಥದ್ದು, ತಂದು ತಿರುಗಿಸಿದೆವು. ಎರಡನೇ ರಾತ್ರಿಯೇ ಟಪ್ ಎಂದು ಹೋಯಿತು. ಅಂಗಡಿಯವರು ಬದಲಿಸಿ ಕೊಟ್ಟದ್ದೂ ಅಷ್ಟೇ. ದೋಷ ಬಲ್ಬಿನದೋ, ನಮ್ಮ ಲೈನಿನದೋ?
(ತೀರ್ಥಹಳ್ಳಿ ತಾಲ್ಲೂಕಿನ ಓದುಗರು)

ಉತ್ತರ: ಎರಡೂ ಅಲ್ಲ. ಫಿಟ್ಟಿಂಗಿನ ಹೊಟ್ಟೆಯೊಳಗೆ ಉಳಿದುಕೊಂಡಿರುವ ಇಗ್ನೈಟರ್ ನಿಮ್ಮ ಬಲ್ಬುಗಳನ್ನು ಕೊಂದಿದೆ.

ಸೋಡಿಯಂ ಬಲ್ಬ್ 230 ವೋಲ್ಟ್ ಕೊಟ್ಟ ಮಾತ್ರಕ್ಕೆ ಹೊತ್ತಿಕೊಳ್ಳುವುದಿಲ್ಲ. ಅದನ್ನು ಹೊತ್ತಿಸಲು ಇಗ್ನೈಟರ್ ಸುಮಾರು 3ರಿಂದ 4.5 ಸಾವಿರ ವೋಲ್ಟಿನ ಚಿಕ್ಕ ಚಿಕ್ಕ ಏಟು ಕೊಡುತ್ತದೆ. ಬಲ್ಬ್ ಹೊತ್ತಿಕೊಂಡ ಮೇಲೆ ಅದರ ಎರಡು ತುದಿಗಳ ನಡುವಿನ ವೋಲ್ಟೇಜ್ 100ರ ಆಸುಪಾಸಿಗೆ ಇಳಿಯುತ್ತದೆ. ಇಗ್ನೈಟರ್ ಅದನ್ನು ಕಂಡು ಸುಮ್ಮನಾಗುತ್ತದೆ. ಈಗ ಆ ಜಾಗದಲ್ಲಿ ಎಲ್‌ಇಡಿ ಕೂತಿದೆ ಎಂದುಕೊಳ್ಳಿ. ಅದು ಎಳೆಯುವ ಕರೆಂಟು ತೀರಾ ಕಡಿಮೆ, ವೋಲ್ಟೇಜ್ ಇಳಿಯುವುದೇ ಇಲ್ಲ. ‘ಬಲ್ಬ್ ಇನ್ನೂ ಹೊತ್ತಿಲ್ಲ’ ಎಂದೇ ತಿಳಿದು ಇಗ್ನೈಟರ್ ರಾತ್ರಿಯಿಡೀ ಹೊಡೆಯುತ್ತಲೇ ಇರುತ್ತದೆ. ಎರಡು ರಾತ್ರಿ ತಾಳಿತು ಎನ್ನುವುದೇ ಆ ಬಲ್ಬಿನ ಗಟ್ಟಿತನ.

ಆದ್ದರಿಂದ ಮೊದಲು ಒಳಗಿನದ್ದನ್ನು ತೆಗೆಯಬೇಕು. ಸ್ವಿಚ್ ಆರಿಸಿದರೆ ಸಾಲದು, ಆ ಲೈನಿನ ಎಂಸಿಬಿಯನ್ನೇ ಕೆಳಗಿಳಿಸಿ, ಕಂಬ ಹತ್ತಿದ ಮೇಲೆ ಮತ್ತೊಮ್ಮೆ ಟೆಸ್ಟರ್ ಇಟ್ಟು ನೋಡಿ. ಅಲ್ಯೂಮಿನಿಯಂ ಏಣಿ ಬೇಡ. ಫಿಟ್ಟಿಂಗಿನ ಹಿಂಬದಿ ಮುಚ್ಚಳ ಬಿಚ್ಚಿದರೆ ಮೂರು ಸಾಮಾನು ಕಾಣುತ್ತವೆ: ಎರಡು ಕಿಲೋಗೂ ಮೇಲೆ ತೂಗುವ ಚೋಕ್, ಬೆಂಕಿಪೊಟ್ಟಣದ ಗಾತ್ರದ ಅಥವಾ ಸಣ್ಣ ಡಬ್ಬಿಯಂತಿರುವ ಇಗ್ನೈಟರ್, ಉದ್ದನೆಯ ಡಬ್ಬಿಯಂಥ ಕೆಪಾಸಿಟರ್. 150 ವ್ಯಾಟಿನ ಫಿಟ್ಟಿಂಗಿನಲ್ಲಿ ಇದು ಸಾಮಾನ್ಯವಾಗಿ 20 ಮೈಕ್ರೋಫ್ಯಾರಡ್‌ನದು. ಕರೆಂಟು ತೆಗೆದ ಮೇಲೂ ಇದರಲ್ಲಿ 300 ವೋಲ್ಟಿಗೂ ಮೇಲೆ ಉಳಿದಿರಬಹುದು. ಸ್ಕ್ರೂಡ್ರೈವರಿನಿಂದ ಶಾರ್ಟ್ ಮಾಡಿ ‘ಚಟ್’ ಎನ್ನಿಸುವ ಚಾಳಿ ಬಿಡಿ. ಹೋಲ್ಡರ್ ಸಮೇತ ಒಂದು ಹಳೆಯ ಫಿಲಮೆಂಟ್ ಬಲ್ಬಿನ ಎರಡು ವೈರನ್ನು ಅದರ ತುದಿಗಳಿಗೆ ಒಂದೆರಡು ಸೆಕೆಂಡ್ ಮುಟ್ಟಿಸಿದರೆ ಖಾಲಿಯಾಗುತ್ತದೆ.

ಮೂರನ್ನೂ ತೆಗೆದು, ಫೇಸ್ ವೈರನ್ನು ನೇರವಾಗಿ ಹೋಲ್ಡರಿನ ನಡುವಿನ ತುದಿಗೆ, ನ್ಯೂಟ್ರಲನ್ನು ತಿರುಪಿನ ಸುತ್ತಿಗೆ, ಹಸಿರು ವೈರನ್ನು ಫಿಟ್ಟಿಂಗಿನ ಲೋಹದ ಮೈಗೆ ಕೊಡಿ. ಫೇಸು ನ್ಯೂಟ್ರಲು ಅದಲುಬದಲಾದರೂ ಬಲ್ಬ್ ಉರಿಯುತ್ತದೆ ನಿಜ. ಆದರೆ ಮುಂದೆ ಬಲ್ಬ್ ಬಿಚ್ಚುವವರ ಬೆರಳು ತಿರುಪಿಗೆ ತಗಲಿದಾಗ ಅಲ್ಲಿ ಕರೆಂಟು ಇರುತ್ತದೆ. ಕೆಪಾಸಿಟರನ್ನು ‘ಇರಲಿ ಬಿಡಿ, ಏನು ಮಾಡುತ್ತೆ’ ಎಂದು ಬಿಡುವವರಿದ್ದಾರೆ. ಅದೊಂದೇ ಸುಮಾರು 1.4 ಆಂಪಿಯರ್ ಎಳೆಯುತ್ತಾ ಕೂರುತ್ತದೆ. ಮನೆ ಮೀಟರಿನಲ್ಲಿ ಯೂನಿಟ್ ಆಗಿ ಕಾಣದಿದ್ದರೂ ವೈರು, ಸ್ವಿಚ್ಚು ಸುಮ್ಮನೆ ಬಿಸಿಯಾಗುತ್ತವೆ. ಹೋಲ್ಡರಿಗೆ ಹೋಗುವ ವೈರನ್ನು ಬಾಗಿಸಿ ನೋಡಿ. ವರ್ಷಗಟ್ಟಲೆ ಬಿಸಿಗೆ ಬೆಂದ ವೈರಿನ ಮೇಲ್ಪದರ ಹಪ್ಪಳದಂತೆ ಮುರಿಯುತ್ತದೆ. ಮುರಿದರೆ ಅದನ್ನೂ ಬದಲಿಸಿ.

ಇಷ್ಟಾದ ಮೇಲೆ ಫಿಟ್ಟಿಂಗಿನ ಒಳಮುಚ್ಚಳದ ಮೇಲೆ ಅಳಿಸದ ಪೆನ್ನಿನಲ್ಲಿ ಬರೆಯಿರಿ: ‘ಚೋಕ್ ತೆಗೆದಿದೆ. ಸೋಡಿಯಂ ಬಲ್ಬ್ ಹಾಕಬೇಡಿ.’ ಚೋಕ್ ಇಲ್ಲದ ಹೋಲ್ಡರಿನಲ್ಲಿ ಸೋಡಿಯಂ ಬಲ್ಬ್ ಉರಿಯುವುದಿಲ್ಲ. ಅದನ್ನು ಉರಿಸಲೇಬೇಕೆಂದು ಹೊರಟ ಮುಂದಿನ ಎಲೆಕ್ಟ್ರಿಷಿಯನ್ ಇನ್ನೊಂದು ಇಗ್ನೈಟರ್ ತಂದು ಸಿಕ್ಕಿಸುತ್ತಾನೆ. ಅಲ್ಲಿಗೆ ಕಥೆ ಮತ್ತೆ ಮೊದಲಿಗೆ.

ಇದೆಲ್ಲ ‘ಹಳೇ ಫಿಟ್ಟಿಂಗೇ ಬೇಕು’ ಎನ್ನುವವರಿಗೆ. ನಿಮ್ಮದು ಮುಂದಕ್ಕೆ ಬೆಳಕು ಚೆಲ್ಲುವ ಡಬ್ಬಿಯಾಕಾರದ ಫ್ಲಡ್ ಲೈಟ್ ಆಗಿದ್ದರೆ ತೆನೆ ಬಲ್ಬಿನ ಆಸೆ ಬಿಡುವುದು ಒಳ್ಳೆಯದು. ಅದರ ಬೆಳಕು ಸುತ್ತಲೂ ಹರಡುತ್ತದೆ, ಅರ್ಧದಷ್ಟು ಹಿಂದಿನ ಮಾಸಿದ ಪ್ರತಿಫಲಕಕ್ಕೆ ಬಡಿದು ಸೊರಗುತ್ತದೆ. ಗಾಜು ಮುಚ್ಚಿದ ಡಬ್ಬಿಯೊಳಗೆ ಗಾಳಿಯಾಡದೆ ಅದರ ಡ್ರೈವರ್ (ಚಿಪ್ಪುಗಳಿಗೆ ಬೇಕಾದಷ್ಟೇ ಕರೆಂಟು ಕೊಡುವ ಒಳಗಿನ ಸರ್ಕ್ಯೂಟ್) ಬೇಯುತ್ತದೆ. ಸೋಡಿಯಂ ಬಲ್ಬಿಗೆ ಬಿಸಿ ಬೇಕಿತ್ತು, ಎಲ್‌ಇಡಿಗೆ ಬಿಸಿಯೇ ಶತ್ರು. ಫಿಟ್ಟಿಂಗನ್ನೇ ಇಳಿಸಿ ಇಡಿಯಾದ ಎಲ್‌ಇಡಿ ಫ್ಲಡ್ ಲೈಟ್ ಹಾಕಿ.

ಎಷ್ಟು ವ್ಯಾಟಿನದು? ಪೆಟ್ಟಿಗೆಯ ಮೇಲೆ ವ್ಯಾಟ್ ನೋಡಬೇಡಿ, ಲ್ಯೂಮೆನ್ (ಲೈಟು ಕೊಡುವ ಒಟ್ಟು ಬೆಳಕಿನ ಅಳತೆ) ನೋಡಿ. ಒಳ್ಳೆಯ 50 ವ್ಯಾಟಿನದು 5,000 ಲ್ಯೂಮೆನ್ ಕೊಡುತ್ತದೆ. ಬೆಳಕು 120 ಡಿಗ್ರಿ ಹರಡುವ ಇಂಥ ಲೈಟನ್ನು 5 ಮೀಟರ್ ಎತ್ತರದಿಂದ ನೇರ ಕೆಳಗೆ ಮುಖ ಮಾಡಿದರೆ ಅದರ ಕೆಳಗೆ ಸುಮಾರು 64 ಲಕ್ಸ್ (ಒಂದು ಜಾಗದ ಮೇಲೆ ಬೀಳುವ ಬೆಳಕಿನ ಅಳತೆ), ಎತ್ತರ 10 ಮೀಟರ್ ಆದರೆ ಬರೀ 16. ಯಾರು ಬಂದರು ಹೋದರು ಎಂದು ಕಾಣಲು 5ರಿಂದ 10 ಲಕ್ಸ್ ಸಾಕು. ಕೂತು ಅಡಿಕೆ ಸುಲಿಯಲು 50ಕ್ಕಿಂತ ಕಡಿಮೆಯಾದರೆ ಕಣ್ಣಿಗೆ ತ್ರಾಸ. ನಿಮ್ಮ ಅಂಗಳಕ್ಕೆ 100 ವ್ಯಾಟಿನ ಒಂದರ ಬದಲು 50ರ ಎರಡನ್ನು ಎರಡು ಮೂಲೆಯಿಂದ ಕೊಡಿ. ಕೆಲಸ ಮಾಡುವವರ ನೆರಳು ಅವರ ಕೈಮೇಲೇ ಬೀಳುವುದು ತಪ್ಪುತ್ತದೆ. ಸುಲಿತದ ದಿನ ಎರಡು, ಉಳಿದ ದಿನ ಒಂದು. ಸೋಡಿಯಂನ ಹಳದಿಯಲ್ಲಿ ಹಣ್ಣಡಿಕೆಗೂ ಹಸಿರಡಿಕೆಗೂ ವ್ಯತ್ಯಾಸ ಕಾಣುತ್ತಿರಲಿಲ್ಲವಲ್ಲ, ಅದೂ ಬಗೆಹರಿಯುತ್ತದೆ.

ಪ್ರಶ್ನೆ: ಮನೆ ಮುಂದೆ 500 ವ್ಯಾಟಿನ ಹ್ಯಾಲೋಜನ್ ಇದೆ. ಅದರ ಕಡ್ಡಿ ಬಲ್ಬಿನ ಜಾಗಕ್ಕೆ ಎಲ್‌ಇಡಿ ಕಡ್ಡಿ ಸಿಗುತ್ತದೆ ಎಂದರು. ತಂದೆವು, ಗಾಜು ಮುಚ್ಚುತ್ತಿಲ್ಲ. ಮುಚ್ಚದೆ ಉರಿಸಿದರೂ ಬೆಳಕು ಮಂಕು. ಗೃಹಜ್ಯೋತಿಯಲ್ಲಿದ್ದೇವೆ, ಯೂನಿಟ್ ಎಷ್ಟು ಉಳಿಯುತ್ತದೆ?
(ಹುಬ್ಬಳ್ಳಿ)

ಉತ್ತರ: 500 ವ್ಯಾಟಿನ ಹ್ಯಾಲೋಜನ್ ಕಡ್ಡಿ 118 ಮಿಲಿಮೀಟರ್ ಉದ್ದ, ಪೆನ್ಸಿಲಿನಷ್ಟು ದಪ್ಪ. ಅದರ ಎಲ್‌ಇಡಿ ಬದಲಿ ಉದ್ದದಲ್ಲಿ ಸರಿಹೊಂದುತ್ತದೆ, ದಪ್ಪದಲ್ಲಿ ಅಲ್ಲ. ಅದಕ್ಕೇ ಗಾಜು ಕೂರುತ್ತಿಲ್ಲ. ಬೆಳಕಿನ ಲೆಕ್ಕ ಇನ್ನೂ ಸ್ಪಷ್ಟ: ಹಳೆಯದು 9,000 ಲ್ಯೂಮೆನ್ ಆಸುಪಾಸು ಕೊಡುತ್ತಿತ್ತು. ನೀವು ತಂದಂಥ 10–20 ವ್ಯಾಟಿನ ಕಡ್ಡಿಗಳು ಕೊಡುವುದು ಸಾವಿರದಿಂದ ಎರಡೂವರೆ ಸಾವಿರ. ಗಾಜಿಲ್ಲದೆ ಮಾತ್ರ ಉರಿಸಬೇಡಿ. ಒಂದು ಮಳೆಗೆ ಹೋಲ್ಡರಿನ ತುದಿಗಳು ಹಸಿರು ಹಿಡಿಯುತ್ತವೆ, ಕರೆಂಟು ಬಯಲಿಗೆ ಬಿದ್ದಿರುತ್ತದೆ.

ಅಷ್ಟೇ ಬೆಳಕು ಬೇಕೆಂದರೆ 100 ವ್ಯಾಟಿನ ಎಲ್‌ಇಡಿ ಫ್ಲಡ್ ಲೈಟ್. ಆದರೆ ಮನೆಯ ಮುಂದಕ್ಕೆ 500 ವ್ಯಾಟಿನ ಹ್ಯಾಲೋಜನ್ ಮೊದಲೇ ಅತಿಯಾಗಿತ್ತು. 30ರದ್ದು ಸಾಕು, ಹೆಚ್ಚೆಂದರೆ 50.

ಈಗ ಯೂನಿಟ್. 500 ವ್ಯಾಟ್ 12 ಗಂಟೆ ಉರಿದರೆ ರಾತ್ರಿಗೆ 6 ಯೂನಿಟ್, ತಿಂಗಳಿಗೆ 180. ಅದೇ 50 ವ್ಯಾಟಿಗೆ ತಿಂಗಳಿಗೆ 18, 30 ವ್ಯಾಟಿಗೆ 11ಕ್ಕಿಂತ ಕಡಿಮೆ. 200 ಯೂನಿಟ್ ದಾಟಿದ ತಿಂಗಳು ಗೃಹಜ್ಯೋತಿಯಲ್ಲಿ ಪೂರ್ತಿ ಬಿಲ್ ನಿಮ್ಮ ತಲೆಯ ಮೇಲೆ ಬರುತ್ತದೆ. ನಿಮ್ಮ ಹಿಂದಿನ ಬಳಕೆಯ ಸರಾಸರಿಯ ಮೇಲೆ ಶೇ 10ರ ಮಿತಿ ಬೇರೆ ಇದೆ. ಒಂದು ಲೈಟೇ 180 ನುಂಗಿದರೆ ಮನೆಗೆ ಉಳಿಯುವುದು ಏನು ಎಂದು ಬಿಡಿಸಿ ಹೇಳಬೇಕಿಲ್ಲ.

ಪ್ರಶ್ನೆ: ಸ್ವಿಚ್ ಆರಿಸಿದರೂ ಹೊರಗಿನ ಎಲ್‌ಇಡಿ ಮಿಣಿಮಿಣಿ ಉರಿಯುತ್ತಲೇ ಇರುತ್ತದೆ. ಹಿಂಬಾಗಿಲಿನದಕ್ಕೆ ಮನುಷ್ಯರು ಬಂದರೆ ಹೊತ್ತುವ ಸೆನ್ಸರ್ ಇದೆ, ಅದು ಯಾರೂ ಇಲ್ಲದಾಗಲೂ ಮಿಂಚಿನಂತೆ ಮಿಣುಕುತ್ತದೆ. ಹಳೆಯ ಬಲ್ಬಿದ್ದಾಗ ಇದ್ಯಾವುದೂ ಇರಲಿಲ್ಲ.
(ದಾವಣಗೆರೆ)

ಉತ್ತರ: ಹಳೆಯ ಬಲ್ಬ್ ಇದ್ದಾಗಲೂ ಆ ಕಳ್ಳ ಕರೆಂಟು ಹರಿಯುತ್ತಿತ್ತು, ಬಲ್ಬಿಗೆ ಅದು ಲೆಕ್ಕಕ್ಕಿರಲಿಲ್ಲ. ಎಲ್‌ಇಡಿಗೆ ಒಂದು ಮಿಲಿಆಂಪಿಯರಿನ ಭಾಗವೂ ಸಾಕು, ಕಣ್ಣು ಬಿಡುತ್ತದೆ.

ಬರುವ ದಾರಿ ಮೂರು. ಮೊದಲನೆಯದು, ಕತ್ತಲಲ್ಲಿ ಕೆಂಪಗೆ ಉರಿಯುವ ಸೂಚಕವಿರುವ ಸ್ವಿಚ್. ಆ ಪುಟ್ಟ ದೀಪದ ಕರೆಂಟು ನಿಮ್ಮ ಲೈಟಿನ ಮೂಲಕವೇ ಹೋಗಬೇಕು. ಸಾದಾ ಸ್ವಿಚ್ ಹಾಕಿದರೆ ಮುಗಿಯಿತು. ಎರಡನೆಯದು, ಗೇಟಿನವರೆಗೆ ಮೂವತ್ತು ನಲವತ್ತು ಮೀಟರ್ ಒಂದೇ ಪೈಪಿನಲ್ಲಿ ಬೇರೆ ಲೈವ್ ವೈರಿನ ಪಕ್ಕ ಮಲಗಿರುವ ವೈರು. ಮುಟ್ಟದೆಯೇ ಕರೆಂಟು ಇದಕ್ಕೆ ಜಿನುಗುತ್ತದೆ.

ಮೂರನೆಯದು ನಿಜಕ್ಕೂ ಅಪಾಯದ್ದು: ಸ್ವಿಚ್ ಫೇಸಿನ ಬದಲು ನ್ಯೂಟ್ರಲಿಗೆ ಬಿದ್ದಿರುವುದು. ಆರಿಸಿದ ಮೇಲೂ ಫಿಟ್ಟಿಂಗಿನೊಳಗೆ ಪೂರ್ಣ ಫೇಸ್ ಕೂತಿರುತ್ತದೆ. ಇಲ್ಲಿ ನಿಯಾನ್ ಟೆಸ್ಟರನ್ನು ನಂಬಬೇಡಿ, ಜಿನುಗಿದ ಕರೆಂಟಿಗೂ ಅದು ಹೊಳೆಯುತ್ತದೆ. ಸ್ವಿಚ್ ಆರಿಸಿ, ಲೈಟಿನ ಪಾಯಿಂಟಿನ ಫೇಸ್ ವೈರಿಗೂ ಅರ್ಥಿಗೂ ನಡುವೆ ಎಲೆಕ್ಟ್ರಿಷಿಯನ್ನನಿಂದ 40 ವ್ಯಾಟಿನ ಫಿಲಮೆಂಟ್ ಬಲ್ಬ್ ಹಿಡಿಸಿ. ಪೂರ್ತಿ ಉರಿದರೆ ಸ್ವಿಚ್ ನ್ಯೂಟ್ರಲಿನಲ್ಲಿದೆ. ಆರ್‌ಸಿಸಿಬಿ (ಕರೆಂಟು ಸೋರಿದರೆ ತಾನೇ ಲೈನ್ ಕಡಿಯುವ ಸ್ವಿಚ್) ಬಿದ್ದರೂ ಅದೇ ಉತ್ತರ. ಉರಿಯದಿದ್ದರೆ ಜಿನುಗುವ ಕರೆಂಟಷ್ಟೇ.

ಹಿಂಬಾಗಿಲಿನ ಸೆನ್ಸರಿಗೆ ಎಷ್ಟು ವೈರಿದೆ ನೋಡಿ. ಎರಡೇ ಆಗಿದ್ದರೆ ಅದು ತನ್ನ ಊಟವನ್ನು ಲೈಟಿನ ಮೂಲಕವೇ ಎಳೆಯುವ ಜಾತಿಯದು, ಎಲ್‌ಇಡಿ ಜೊತೆ ಬಾಳುವುದಿಲ್ಲ. ಫೇಸ್, ನ್ಯೂಟ್ರಲ್, ಲೈಟಿಗೆ ಹೋಗುವ ಔಟ್ ಎಂದು ಮೂರು ವೈರಿರುವ ಸೆನ್ಸರ್ ಹಾಕಿ. ಪೆಟ್ಟಿಗೆಯೊಳಗೆ ನ್ಯೂಟ್ರಲ್ ಇಲ್ಲ, ಗೋಡೆ ಒಡೆಯಲಾಗದು ಎಂದಾದರೆ ಲೈಟಿನ ಫೇಸ್-ನ್ಯೂಟ್ರಲ್ ನಡುವೆ 0.1 ಮೈಕ್ರೋಫ್ಯಾರಡ್, 275 ವೋಲ್ಟ್ ಎಸಿಯ ‘ಎಕ್ಸ್2’ ಎಂದು ಬರೆದಿರುವ ಕೆಪಾಸಿಟರ್ ಒಂದನ್ನು ಹಾಕಿದರೆ ಹೆಚ್ಚಿನ ಕಡೆ ಮಿಣುಕು ನಿಲ್ಲುತ್ತದೆ. ಉದ್ದ ವೈರಿನ ಜಿನುಗಿಗೂ ಇದೇ ಮದ್ದು. ಫ್ಯಾನಿನ ಕೆಪಾಸಿಟರನ್ನು ಇಲ್ಲಿ ತಂದು ಹಾಕಬೇಡಿ. ಎಕ್ಸ್2 ಜಾತಿಯದು ಲೈನಿಗೆ ಅಡ್ಡಲಾಗಿ ಕೂರಲೆಂದೇ ಮಾಡಿದ್ದು, ಕೆಟ್ಟರೂ ಬೆಂಕಿಗೆ ತಿರುಗದಂತೆ.

ಸೆನ್ಸರ್ ಬದಲಿಸುವಾಗಲೇ ಜಾಗವನ್ನೂ ನೋಡಿಕೊಳ್ಳಿ. ಎರಡೂವರೆ ಮೀಟರ್ ಎತ್ತರ, ಜನ ಅದರ ಮುಂದೆ ಅಡ್ಡ ಹಾಯುವಂತೆ. ನೇರ ಅದರತ್ತ ನಡೆದು ಬರುವವರನ್ನು ಅದು ತಡವಾಗಿ ಗುರುತಿಸುತ್ತದೆ. ಅದು ನೋಡುವುದು ಮೈಬಿಸಿ ಮತ್ತು ಸುತ್ತಲಿನ ಬಿಸಿಯ ವ್ಯತ್ಯಾಸವನ್ನು, ಹಾಗಾಗಿ ನಿಮ್ಮ ಏಪ್ರಿಲ್ ತಿಂಗಳ ಸಂಜೆ ಗೋಡೆಯೂ ಮನುಷ್ಯನಷ್ಟೇ ಕಾದಿರುವಾಗ ಅದರ ಕಣ್ಣು ಮಂದವಾಗುತ್ತದೆ. ಕೆಟ್ಟಿದೆ ಎಂದು ಆಗ ಬಿಚ್ಚಬೇಡಿ.

ಪ್ರಶ್ನೆ: ಪ್ರತಿ ಮಳೆಗಾಲಕ್ಕೂ ಒಂದು ಫ್ಲಡ್ ಲೈಟ್ ಹೋಗುತ್ತದೆ. ಎಲ್ಲದರ ಮೇಲೂ ‘ಐಪಿ65’ (ದೂಳು, ನೀರು ಒಳಹೋಗದು ಎಂಬ ಗುರುತು) ಎಂದಿದೆ. ನೀರಿಗೋ, ಸಿಡಿಲಿಗೋ ತಿಳಿಯುವುದು ಹೇಗೆ?
(ಕುಂದಾಪುರ)

ಉತ್ತರ: ಹೋದ ಲೈಟನ್ನು ಬಿಚ್ಚಿ. ಗಾಜಿನ ಒಳಗೆ ಬೆವರು, ತಿರುಪುಗಳ ಸುತ್ತ ಬಿಳಿ ಪುಡಿ ಇದ್ದರೆ ನೀರು. ಒಳಗೆ ಒಣಗಿದ್ದು, ಡ್ರೈವರಿನ ಪ್ರವೇಶದಲ್ಲಿರುವ ನೀಲಿ ಅಥವಾ ಕೆಂಪು ಬಿಲ್ಲೆಯಂಥ ವೇರಿಸ್ಟರ್ ಸೀಳಿ ಕಪ್ಪಾಗಿದ್ದರೆ ಲೈನಿನ ಏಟು.

ನೀರು ಗಾಜಿನ ಕಡೆಯಿಂದ ಬರುವುದು ಅಪರೂಪ, ಬಾಲದಿಂದ ಬರುತ್ತದೆ. ಲೈಟಿನ ಜೊತೆ ಬರುವ ಗೇಣುದ್ದದ ವೈರಿಗೆ ಮನೆ ವೈರನ್ನು ತಿರುಚಿ, ಕಪ್ಪು ಟೇಪ್ ಸುತ್ತಿ ಬಿಟ್ಟಿರುತ್ತಾರೆ. ನಮ್ಮ ಕಡೆಯ ಮಳೆಗೆ ಆ ಟೇಪ್ ಒಂದು ತಿಂಗಳು ತಡೆದರೆ ಹೆಚ್ಚು. ಉರಿದು ಬಿಸಿಯಾದ ಲೈಟಿನ ಮೇಲೆ ಮಳೆ ಬಿದ್ದಾಗ ಒಳಗಿನ ಗಾಳಿ ಕುಗ್ಗುತ್ತದೆ, ಜೋಡಣೆಯಲ್ಲಿ ನಿಂತ ನೀರನ್ನು ವೈರಿನ ಎಳೆಗಳ ನಡುವಿನಿಂದಲೇ ಹೀರಿಕೊಳ್ಳುತ್ತದೆ. ಐಪಿ65 ಮುದ್ರೆ ಡಬ್ಬಿಗೆ, ನಿಮ್ಮ ಜಾಯಿಂಟಿಗಲ್ಲ.

ಜೋಡಣೆಯನ್ನು ಪ್ಲಾಸ್ಟಿಕ್ ಜಂಕ್ಷನ್ ಬಾಕ್ಸಿನೊಳಗೆ ಕನೆಕ್ಟರ್ ಹಾಕಿ ಮಾಡಿ. ವೈರು ಬಾಕ್ಸಿಗೆ ಕೆಳಗಿನಿಂದಲೇ ಹೋಗಬೇಕು. ಹೋಗುವ ಮುನ್ನ ಒಂದು ಜೋಲು ಬಿಡಿ, ಹನಿ ಅಲ್ಲಿಂದ ಉದುರಲಿ. ಗ್ಲ್ಯಾಂಡ್ (ವೈರು ಒಳಹೋಗುವ ತೂತಿನಲ್ಲಿ ಅದರ ಸುತ್ತ ಬಿಗಿಯುವ ತಿರುಪು ಬಿರಡೆ) ಹಾಕಿದ್ದರೆ ಅದರಲ್ಲಿ ದುಂಡನೆಯ ಮೂರು ಕೋರಿನ ಕೇಬಲ್ಲೇ ಇರಲಿ. ಚಪ್ಪಟೆ ವೈರನ್ನು ದುಂಡು ಗ್ಲ್ಯಾಂಡಿಗೆ ತೂರಿಸಿ ಎಷ್ಟು ಬಿಗಿದರೂ ಎರಡು ಪಕ್ಕ ಸಂದು ಉಳಿಯುತ್ತದೆ. ಈ ಒಂದು ತಪ್ಪಿಗೇ ಎಷ್ಟೋ ಲೈಟುಗಳು ಹೋಗಿವೆ. ಕಡಲ ಹತ್ತಿರ ಸ್ಟೇನ್‌ಲೆಸ್ ತಿರುಪುಗಳನ್ನೇ ಕೇಳಿ.

ಲೈನಿನ ಏಟಿನಲ್ಲೂ ಎರಡು ಬಗೆ. ಸಿಡಿಲಿನದು ಕ್ಷಣಮಾತ್ರದ್ದು. ಅದಕ್ಕೆ ಬೀದಿದೀಪಗಳಿಗೆ ಹಾಕುವ 10 ಕಿಲೋವೋಲ್ಟಿನ ಸರ್ಜ್ ಪ್ರೊಟೆಕ್ಟರನ್ನು ಜಂಕ್ಷನ್ ಬಾಕ್ಸಿನಲ್ಲೇ ಕೂರಿಸಬಹುದು. ಆದರೆ ಅರ್ಥ್ ಸರಿಯಿಲ್ಲದ ಮನೆಯಲ್ಲಿ ಅದು ಅರ್ಧ ಕೆಲಸವನ್ನೂ ಮಾಡುವುದಿಲ್ಲ. ಇನ್ನೊಂದು, ಗಾಳಿಮಳೆಗೆ ಕಂಬದಲ್ಲಿ ನ್ಯೂಟ್ರಲ್ ಕಡಿದು ಮನೆಗೆ 300–400 ವೋಲ್ಟ್ ನುಗ್ಗುವುದು. ಇದು ನಿಮಿಷಗಟ್ಟಲೆ ಇರುವುದರಿಂದ ಸರ್ಜ್ ಪ್ರೊಟೆಕ್ಟರೇ ಸುಟ್ಟುಹೋಗುತ್ತದೆ. ಇದಕ್ಕೆ ಮೈನ್ ಬೋರ್ಡಿನಲ್ಲಿ ಹೆಚ್ಚು-ಕಡಿಮೆ ವೋಲ್ಟೇಜಿಗೆ ತಾನೇ ಕಡಿತ ಮಾಡುವ ಡಿಜಿಟಲ್ ಪ್ರೊಟೆಕ್ಟರ್ ಬೇಕು. 170ರಿಂದ 265ರ ನಡುವೆ ಸೆಟ್ ಮಾಡಿ. ಫ್ರಿಡ್ಜ್ ಟಿವಿಗಳೂ ಉಳಿಯುತ್ತವೆ.

ಮತ್ತೊಂದು ಮಾತು. ಕೈಯಲ್ಲಿ ಹಿಡಿದರೆ ಹಗುರ, ಡ್ರೈವರ್ ಡಬ್ಬಿಯೇ ಇಲ್ಲ, ಎಲ್ಲವೂ ಚಿಪ್ ಹಾಳೆಯ ಮೇಲೇ ಇದೆ ಎಂಬಂಥ ಫ್ಲಡ್ ಲೈಟುಗಳಿಗೆ ಅಂಗಡಿಯವರು ‘ಡಿಒಬಿ’ (ಡ್ರೈವರ್ ಆನ್ ಬೋರ್ಡ್) ಎನ್ನುತ್ತಾರೆ. ಅಗ್ಗ. ಆದರೆ ಚಿಪ್ಪುಗಳಿಗೂ ಲೈನಿಗೂ ನಡುವೆ ಟ್ರಾನ್ಸ್‌ಫಾರ್ಮರಿನ ಅಡ್ಡಗೋಡೆ ಇರುವುದಿಲ್ಲ, ಒಳಗೆ ತೇವ ಹೊಕ್ಕರೆ ಲೋಹದ ಮೈಗೇ ಕರೆಂಟು ಬರಬಹುದು. ಹಸಿರು ವೈರನ್ನು ಕತ್ತರಿಸಿ ಎಸೆಯುವ ಅಭ್ಯಾಸವಿರುವ ಊರಿನಲ್ಲಿ, ಅದೂ ಮಳೆನಾಡಿನಲ್ಲಿ, ಇವು ಬೇಡವೆಂದೇ ನಮ್ಮ ಸಲಹೆ. ಯಾವುದೇ ಲೈಟಾದರೂ ಅರ್ಥ್ ಕೊಡಿ, 30 ಮಿಲಿಆಂಪಿಯರಿನ ಆರ್‌ಸಿಸಿಬಿ ಇರಲಿ.

ಪ್ರಶ್ನೆ: ಕತ್ತಲಾದಾಗ ತಾನೇ ಹೊತ್ತುವ ಫೋಟೋಸೆಲ್ ಹಾಕಿದ್ದೇವೆ. ಲೈಟು ನಿಮಿಷಕ್ಕೊಮ್ಮೆ ಹೊತ್ತಿ ಆರುತ್ತದೆ. ಇನ್ನೊಂದು ಕಡೆ ಹಗಲಲ್ಲೂ ಆರುವುದೇ ಇಲ್ಲ.
(ಮೈಸೂರು)

ಉತ್ತರ: ಮೊದಲನೆಯದರಲ್ಲಿ ಲೈಟಿನ ಬೆಳಕು ಸೆಲ್ಲಿನ ಮೇಲೇ ಬೀಳುತ್ತಿದೆ. ಅದು ಬೆಳಗಾಯಿತೆಂದು ಆರಿಸುತ್ತದೆ, ಆರಿದಾಗ ಕತ್ತಲಾಯಿತೆಂದು ಹೊತ್ತಿಸುತ್ತದೆ. ಸೆಲ್ಲನ್ನು ಲೈಟಿಗಿಂತ ಮೇಲೆ, ಬೆನ್ನ ಹಿಂದೆ, ಉತ್ತರ ದಿಕ್ಕಿಗೆ ಮುಖ ಮಾಡಿ ಇಡಿ. ಎದುರಿಗೆ ಬಿಳಿ ಗೋಡೆ ಇದ್ದರೆ ಅದರಿಂದ ಮರಳುವ ಬೆಳಕೂ ಸಾಕಾಗುತ್ತದೆ, ನೋಡಿಕೊಳ್ಳಿ.

ಎರಡನೆಯದರಲ್ಲಿ ಒಳಗಿನ ರಿಲೇ (ಕರೆಂಟಿನಿಂದಲೇ ತೆರೆದು ಮುಚ್ಚುವ ಸ್ವಿಚ್) ಅಂಟಿಕೊಂಡಿದೆ. ಎಲ್‌ಇಡಿ ಡ್ರೈವರ್ ಹೊತ್ತುವ ಕ್ಷಣದಲ್ಲಿ ತನ್ನ ನಿತ್ಯದ ಕರೆಂಟಿನ ಹತ್ತಾರು ಪಟ್ಟು ಎಳೆಯುತ್ತದೆ. ಫೋಟೋಸೆಲ್ಲಿನ ಮೇಲೆ ಬರೆದ ‘10 ಆಂಪಿಯರ್’ ಸಾದಾ ಬಲ್ಬಿಗೆ ಹೇಳಿದ್ದು. ಆರೆಂಟು ಫ್ಲಡ್ ಲೈಟುಗಳನ್ನು ಒಂದೇ ಸೆಲ್ಲಿನಲ್ಲಿ ಓಡಿಸುವುದಾದರೆ ಸೆಲ್ಲಿನಿಂದ ಕಂಟ್ಯಾಕ್ಟರಿಗೆ (ಹೆಚ್ಚು ಕರೆಂಟು ತಾಳುವ ದೊಡ್ಡ ರಿಲೇ), ಕಂಟ್ಯಾಕ್ಟರಿನಿಂದ ಲೈಟುಗಳಿಗೆ ಕೊಡಿ.

ಪ್ರಶ್ನೆ: ಎಲ್‌ಇಡಿ ಹಾಕಿದ ಮೇಲೆ ಸಿಸಿಟಿವಿಯಲ್ಲಿ ಕಪ್ಪು ಪಟ್ಟಿಗಳು ಮೇಲೆ ಕೆಳಗೆ ಓಡುತ್ತವೆ.
(ಬಳ್ಳಾರಿ)

ಉತ್ತರ: ಕ್ಯಾಮೆರಾದ ಸೆಟ್ಟಿಂಗಿನಲ್ಲಿ ಫ್ರೀಕ್ವೆನ್ಸಿ 60 ಹರ್ಟ್ಸ್ ಇದ್ದರೆ 50ಕ್ಕೆ ಬದಲಿಸಿ. ಕೆಲವದರಲ್ಲಿ ಅದಕ್ಕೆ ‘ಪಾಲ್’ ಎಂದಿರುತ್ತದೆ. ಹೆಚ್ಚಿನವು ಇಷ್ಟಕ್ಕೇ ಸರಿಹೋಗುತ್ತವೆ. ಹೋಗದಿದ್ದರೆ ಮೊಬೈಲಿನ ಸ್ಲೋ ಮೋಷನ್‌ನಲ್ಲಿ ಲೈಟನ್ನು ಚಿತ್ರಿಸಿ. ಬೆಳಕು ತೀರಾ ಬಡಿದುಕೊಳ್ಳುವುದು ಕಂಡರೆ ಅದು ಸೆಕೆಂಡಿಗೆ 100 ಸಲ ಏರಿಳಿಯುವ ಅಗ್ಗದ ಲೈಟು, ಒಳ್ಳೆಯ ಡ್ರೈವರ್ ಇರುವುದಕ್ಕೆ ಬದಲಿಸಬೇಕು. ಲೈಟು ಕ್ಯಾಮೆರಾದ ಎದುರಿಗೆ ಬೇಡ, ಹಿಂದಿರಲಿ.

ಪ್ರಶ್ನೆ: ಬಿಳಿ ಎಲ್‌ಇಡಿ ಹಾಕಿದಾಗಿನಿಂದ ಹುಳಗಳ ಕಾಟ. ಹಿಂದಿನ ಹಳದಿ ಸೋಡಿಯಂಗೆ ಇಷ್ಟಿರಲಿಲ್ಲ.
(ಮೂಡಿಗೆರೆ)

ಉತ್ತರ: ನಿಮ್ಮ ಗಮನ ಸರಿ. ಹುಳಗಳಿಗೆ ನೀಲಿ ಬೆಳಕಿನ ಸೆಳೆತ, 6,500 ಕೆಲ್ವಿನ್ (ಬೆಳಕಿನ ಬಣ್ಣದ ಅಳತೆ) ಎಂದು ಬರೆದ ಬಿಳಿ ಲೈಟಿನಲ್ಲಿ ಅದೇ ಹೆಚ್ಚು. 3,000 ಕೆಲ್ವಿನ್ ಅಥವಾ ಅದಕ್ಕಿಂತ ಕಡಿಮೆಯ ಹಳದಿ ಬಿಳುಪನ್ನು ಕೇಳಿ ತನ್ನಿ. ಹೇಳದಿದ್ದರೆ ಅಂಗಡಿಯವರು 6,500ರದ್ದನ್ನೇ ಕೊಡುತ್ತಾರೆ. ಲೈಟನ್ನು ಬಾಗಿಲಿನ ನೆತ್ತಿಯ ಮೇಲಿಡುವ ಬದಲು ಆರೆಂಟು ಮೀಟರ್ ಆಚೆಯ ಕಂಬದಿಂದ ಬಾಗಿಲಿನತ್ತ ತಿರುಗಿಸಿದರೆ ಹುಳಗಳೂ, ಅವನ್ನು ಹಿಡಿಯಲು ಬರುವ ಹಲ್ಲಿಗಳೂ ಅಲ್ಲೇ ಇರುತ್ತವೆ. ಮೊದಲ ಮಳೆ ಬಿದ್ದ ಸಂಜೆ ರೆಕ್ಕೆ ಗೆದ್ದಲು ಏಳುವುದಕ್ಕೆ ಮಾತ್ರ ಯಾವ ಬಣ್ಣವೂ ಮದ್ದಲ್ಲ. ಆ ಒಂದು ಗಂಟೆ ಲೈಟು ಆರಿಸಿಡಿ.